ಆರು ವರ್ಷ ಇಲ್ಲಿ, ಆರು ವರ್ಷ ಅಲ್ಲಿ: ನಾವು ಯಾವ ರಾಜ್ಯದವರು?

ಹಾಸ್ಟೆಲಿನ ಗೆಳೆಯರೇ,

ಈ ಸಲ ಮೆರವಣಿಗೆಯ ಸುದ್ದಿಯಿಂದ ಶುರು ಮಾಡುವುದಿಲ್ಲ. ಒಂದು ಲೆಕ್ಕದಿಂದ ಶುರು ಮಾಡುತ್ತೇವೆ. ಲೆಕ್ಕ ಸಣ್ಣದು. ಮೂರು ಮತ್ತು ಮೂರು ಕೂಡಿದರೆ ಆರು. ಬೇಕಾದದ್ದು ಏಳು. ಒಂದು ಕಡಿಮೆ. ಈ ಒಂದರ ಸಲುವಾಗಿ ನಮ್ಮ ಒಬ್ಬ ತಂಗಿಯ ಎಂಜಿನಿಯರಿಂಗ್ ಸೀಟು ಹೋಯಿತು.

ಹೆಸರು ಬೇಡ. ಊರು ಅಥಣಿ ತಾಲ್ಲೂಕಿನ ಮೂಡಣ ಮಗ್ಗುಲಿನ ಒಣಭೂಮಿ. ಅಪ್ಪ ಅವ್ವನಿಗೆ ಹೊಲ ಇಲ್ಲ. ಒಂದನೇ ಇಯತ್ತೆಯಿಂದ ಮೂರನೇ ಇಯತ್ತೆಯವರೆಗೆ ಊರ ಸರ್ಕಾರಿ ಶಾಲೆಯಲ್ಲಿ ಓದಿದಳು. ಆಮೇಲೆ ಕೂಲಿ ಹುಡುಕಿಕೊಂಡು ಮನೆಯವರೆಲ್ಲ ಮಿರಜ್ ಕಡೆ ಹೋದರು. ಕಬ್ಬು ಕಡಿಯುವುದು, ಇಟ್ಟಂಗಿ ಭಟ್ಟಿ, ಸಿಕ್ಕಿದ್ದು. ನಾಲ್ಕರಿಂದ ಒಂಬತ್ತರವರೆಗೆ ಅಲ್ಲೇ ಮರಾಠಿ ಶಾಲೆ. ಹತ್ತನೇ ತರಗತಿಗೆ ಅಜ್ಜಿ ಕರೆಸಿಕೊಂಡಳು. ಎಸ್ಸೆಸ್ಸೆಲ್ಸಿ ಇಲ್ಲೇ ಪಾಸಾದಳು. ಪಿಯುಸಿ ಎರಡು ವರ್ಷ ಹಾಸ್ಟೆಲಿನಲ್ಲಿದ್ದು ಸರ್ಕಾರಿ ಕಾಲೇಜಿನಲ್ಲಿ ಮುಗಿಸಿದಳು. ಸಿಇಟಿ ಬರೆದಳು. ಸೀಟು ಸಿಗುವಂಥ ರ‍್ಯಾಂಕೇ ಬಂತು. ದಾಖಲೆ ನೋಡುವ ಮೇಜಿನ ಮುಂದೆ ನಿಂತಾಗ ಪ್ರಶ್ನೆ ಬಂತು.

"ಕರ್ನಾಟಕದಾಗ ಎಷ್ಟು ವರ್ಷ ಓದೀಯವ್ವಾ?"

"ಆರು ವರ್ಷ ರೀ."

"ಏಳು ಬೇಕು."

ಅಷ್ಟೇ ಮಾತು. ಮೇಜಿನ ಆಚೆ ಕೂತವನು ಕೆಟ್ಟವನಲ್ಲ. ಅವನ ಮುಂದೆ ನಿಯಮದ ಪುಸ್ತಕ ಇತ್ತು. ಆದ್ದರಿಂದ ನಾವು ಆ ಮನುಷ್ಯನನ್ನು ಬಯ್ಯುವುದಿಲ್ಲ, ಆ ಪುಸ್ತಕವನ್ನು ಓದುತ್ತೇವೆ. ಬಾಬಾಸಾಹೇಬರು ನಮಗೆ ಕಲಿಸಿದ್ದು ಅದನ್ನೇ.

ನಿಯಮ ಏನು ಹೇಳುತ್ತದೆ? ಎಂಜಿನಿಯರಿಂಗ್, ವೈದ್ಯಕೀಯದಂಥ ಕೋರ್ಸುಗಳ ಸರ್ಕಾರಿ ಸೀಟಿಗೆ 'ಎ' ಕಲಮಿನಲ್ಲಿ ಅರ್ಜಿ ಹಾಕುವವರು ಒಂದನೇ ತರಗತಿಯಿಂದ ಎರಡನೇ ಪಿಯುಸಿ ಒಳಗೆ ಕನಿಷ್ಠ ಏಳು ಶೈಕ್ಷಣಿಕ ವರ್ಷ ಕರ್ನಾಟಕದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಶಾಲೆಗಳಲ್ಲಿ ಓದಿರಬೇಕು. ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಎರಡರಲ್ಲಿ ಒಂದನ್ನಾದರೂ ಇಲ್ಲಿ ಪಾಸಾಗಿರಬೇಕು. ಒಂದೇ ತರಗತಿಯಲ್ಲಿ ಎರಡು ವರ್ಷ ಕೂತರೂ ಅದು ಲೆಕ್ಕಕ್ಕೆ ಒಂದೇ ವರ್ಷ. ಶಾಲೆಯ ಮಾಧ್ಯಮ ಯಾವುದು ಅಂತ ಈ ಕಲಮು ಕೇಳುವುದಿಲ್ಲ. ನಿಪ್ಪಾಣಿಯ ಮರಾಠಿ ಶಾಲೆಯಲ್ಲಿ ಓದಿದ ವರ್ಷವೂ ಕರ್ನಾಟಕದ ವರ್ಷವೇ. ಇದು ನಮ್ಮ ಎಷ್ಟೋ ಹುಡುಗರಿಗೆ ಗೊತ್ತಿಲ್ಲ. 'ನಾವು ಮರಾಠಿ ಮಾಧ್ಯಮದವರು, ನಮಗೆ ಸಿಗೂದಿಲ್ಲ' ಅಂತ ಅರ್ಜಿಯನ್ನೇ ಹಾಕದೆ ಕೂತವರನ್ನು ನಾವು ನೋಡಿದ್ದೇವೆ. ಕನ್ನಡ ಮಾಧ್ಯಮದ 5 ಪರ್ಸೆಂಟ್ ಮೀಸಲಾತಿ ಸಿಗುವುದಿಲ್ಲ ಅನ್ನುವುದು ಬೇರೆ ಮಾತು. ಹಳ್ಳಿ ಶಾಲೆಯಲ್ಲಿ ಒಂದರಿಂದ ಹತ್ತರವರೆಗೆ ಓದಿದ್ದರೆ ಗ್ರಾಮೀಣದ 15 ಪರ್ಸೆಂಟ್ ಇದೆ. ಅದನ್ನು ಕೇಳಿ ಪಡೆಯಿರಿ.

ಇನ್ನು ಏಳು ವರ್ಷ ತುಂಬದವರಿಗೆ ದಾರಿ ಇದೆಯೇ? ಇದೆ. ಆ ದಾರಿ ಯಾರಿಗೆ ಅಂತ ನೋಡಿ. ಸೈನ್ಯದಲ್ಲಿರುವವರ ಮಕ್ಕಳಿಗೆ ಬೇರೆ ಕಲಮು ಇದೆ. ಹೊರರಾಜ್ಯಕ್ಕೆ ಹೋದ ಸರ್ಕಾರಿ ನೌಕರರ ಮಕ್ಕಳಿಗೆ ಇದೆ. ಕರ್ನಾಟಕದಿಂದ ಆರಿಸಿಹೋದ ಪಾರ್ಲಿಮೆಂಟ್ ಸದಸ್ಯರ ಮಕ್ಕಳಿಗೂ ಇದೆ. ಸೈನಿಕರ ಮಕ್ಕಳಿಗೆ ಸಿಗುವುದರ ಬಗ್ಗೆ ನಮಗೆ ಹೊಟ್ಟೆಕಿಚ್ಚಿಲ್ಲ; ಬಾಬಾಸಾಹೇಬರೂ ಸೈನಿಕನ ಮಗನೇ. ನಮ್ಮ ಪ್ರಶ್ನೆ ಇಷ್ಟೇ. ಸಾಹೇಬರು ಊರು ಬಿಟ್ಟರೆ ಅದಕ್ಕೆ 'ವರ್ಗಾವಣೆ' ಅಂತ ಹೆಸರು, ಅದಕ್ಕೊಂದು ಕಲಮು. ಕಬ್ಬು ಕಡಿಯುವವನು ಊರು ಬಿಟ್ಟರೆ ಅದಕ್ಕೆ ಹೆಸರೂ ಇಲ್ಲ, ಕಲಮೂ ಇಲ್ಲ. ಹಸಿವು ಮಾಡಿದ ವರ್ಗಾವಣೆ ವರ್ಗಾವಣೆ ಅಲ್ಲವೇ?

ಇನ್ನೊಂದು ಕಲಮು ಇದೆ. ಎಂಜಿನಿಯರಿಂಗ್‌ನಂಥ ಕೋರ್ಸುಗಳಿಗೆ ಅನ್ವಯಿಸುವುದು. ಹುಡುಗ ಪಿಯುಸಿ ಎರಡೂ ವರ್ಷ ಕರ್ನಾಟಕದಲ್ಲಿ ಓದಿದ್ದು, ತಂದೆ ಅಥವಾ ತಾಯಿ ಇಲ್ಲಿ ಏಳು ವರ್ಷ ಓದಿದ್ದರೆ ಸಾಕು. ಓದುವಾಗ ಒಳ್ಳೆಯ ಕಲಮು ಅನ್ನಿಸುತ್ತದೆ. ನಮ್ಮ ಆ ತಂಗಿಯ ಅವ್ವ ಹೆಬ್ಬೆಟ್ಟು. ಅಪ್ಪ ಮೂರನೇ ಇಯತ್ತೆ. ತಲೆಮಾರುಗಳಿಂದ ಈ ಮಣ್ಣಲ್ಲೇ ದುಡಿದವರು, ಈ ಮಣ್ಣಲ್ಲೇ ಹೂತವರು. ಆದರೆ ಈ ರಾಜ್ಯದವರು ಅಂತ ತೋರಿಸಲು ಅವರ ಕೈಯಲ್ಲಿ ಶಾಲೆಯ ಕಾಗದ ಇಲ್ಲ. ನಮ್ಮವರನ್ನು ಶಾಲೆಯ ಹೊರಗೆ ಇಟ್ಟವರು ಯಾರು? ಅಂದು ಒಳಗೆ ಬಿಡಲಿಲ್ಲ, ಇಂದು 'ಒಳಗೆ ಯಾಕೆ ಬರಲಿಲ್ಲ, ಚೀಟಿ ತೋರಿಸು' ಅಂತ ಕೇಳುತ್ತಾರೆ. ಮೂಲನಿವಾಸಿಯ ಗುರುತನ್ನು ಶಾಲೆಯ ದಾಖಲೆಯಲ್ಲಿ ಹುಡುಕಿದರೆ ಶಾಲೆ ಕಾಣದ ಜಾತಿಗಳು ಪರದೇಶಿಗಳೇ ಆಗುತ್ತವೆ.

ಗಡಿನಾಡಿನ ಕನ್ನಡಿಗರಿಗೂ ಒಂದು ಕಲಮು ಇದೆ. ಅದರಲ್ಲಿ ತಾಲ್ಲೂಕುಗಳ ಹೆಸರು ಬರೆದಿದ್ದಾರೆ. ಮಹಾರಾಷ್ಟ್ರದ ಜತ್, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ್. ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ. ಅಲ್ಲಿಯ ಕಾಯಂ ನಿವಾಸಿಗಳಾಗಿ, ಅಲ್ಲೇ ಏಳು ವರ್ಷ ಓದಿ, ಪರೀಕ್ಷಾ ಪ್ರಾಧಿಕಾರದ ಕನ್ನಡ ಪರೀಕ್ಷೆ ಬರೆದರೆ ಅವಕಾಶ ಉಂಟು. ಆ ಪಟ್ಟಿಯಲ್ಲಿ ಮಿರಜ್ ಇಲ್ಲ. ಶಿರೋಳ ಇಲ್ಲ. ಕಾಗಲ್ ಇಲ್ಲ. ಕಾಗವಾಡ, ಉಗಾರ, ಕುಡಚಿ, ರಾಯಬಾಗ, ನಿಪ್ಪಾಣಿಯ ಕೂಲಿಯವರು ಹೆಚ್ಚಾಗಿ ಹೋಗುವುದು ಎಲ್ಲಿಗೆ? ಮಿರಜ್ ರೈಲು ಹತ್ತಿ ಮಿರಜಿಗೆ, ಇಚಲಕರಂಜಿಗೆ, ಕೊಲ್ಲಾಪುರಕ್ಕೆ. ಪಟ್ಟಿ ಬರೆದವರ ಕಣ್ಣ ಮುಂದೆ ರಾಜ್ಯದ ನಕಾಶೆ ಇತ್ತು, ಕೂಲಿಯವರ ಕಾಲುದಾರಿ ಇರಲಿಲ್ಲ.

ಹಾಗಾದರೆ ಆ ಕಡೆಯ ಸರ್ಕಾರ ಅವಳನ್ನು ತನ್ನವಳು ಅನ್ನುತ್ತದೆಯೇ? ಅಲ್ಲಿ ಸಾಮಾನ್ಯವಾಗಿ ಹತ್ತು ಮತ್ತು ಹನ್ನೆರಡು ಅಲ್ಲೇ ಪಾಸಾಗಿರಬೇಕು, ಜೊತೆಗೆ ಅಲ್ಲಿಯ ನಿವಾಸಿಯಾಗಿರಬೇಕು ಅಥವಾ ಅಲ್ಲಿ ಹುಟ್ಟಿರಬೇಕು. ಇವಳು ಎರಡೂ ಪಾಸಾದದ್ದು ಇಲ್ಲಿ. ವಿವಾದದ ಗಡಿಭಾಗದಲ್ಲಿ ಓದಿದವರಿಗೆ ಮಹಾರಾಷ್ಟ್ರವೂ ಒಂದು ಬಾಗಿಲು ಇಟ್ಟಿದೆ. ತಾನು ಕೇಳುತ್ತಿರುವ 865 ಹಳ್ಳಿಗಳ ಮಕ್ಕಳಿಗೆ. ಆದರೆ ತಾಯಿಮಾತು ಮರಾಠಿ ಆಗಿರಬೇಕು. ಇವಳ ತಾಯಿಮಾತು ಕನ್ನಡ. ಕರ್ನಾಟಕಕ್ಕೆ ಇವಳು ಒಂದು ವರ್ಷ ಕಡಿಮೆ. ಮಹಾರಾಷ್ಟ್ರಕ್ಕೆ ಇವಳು ಒಂದು ಭಾಷೆ ಕಡಿಮೆ.

ಈ ಭೂಮಿ ನಮ್ಮದು ಅಂತ 1956ರಿಂದ ಎರಡೂ ಕಡೆಯ ಪುಢಾರಿಗಳು ಕೂಗುತ್ತಲೇ ಇದ್ದಾರೆ. 1967ರಲ್ಲಿ ಮಹಾಜನ್ ಆಯೋಗದ ವರದಿ ಬಂತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಬಸ್ಸಿಗೆ ಮಸಿ ಬಳಿಯುವುದು, ಬೋರ್ಡು ಒಡೆಯುವುದು ವರ್ಷಕ್ಕೊಮ್ಮೆ ಹಬ್ಬದ ಹಾಗೆ ನಡೆಯುತ್ತದೆ. ಹಳ್ಳಿ ನಮ್ಮದು ಅನ್ನುವವರಿದ್ದಾರೆ, ಹೊಳೆ ನಮ್ಮದು ಅನ್ನುವವರಿದ್ದಾರೆ. ಆ ಹಳ್ಳಿಯ ಹೊಲಗೇರಿಯ ಮಗು ನಮ್ಮದು ಅಂತ ಇಬ್ಬರಲ್ಲಿ ಯಾರಾದರೂ ಅಂದದ್ದನ್ನು ನಾವು ಕೇಳಿಲ್ಲ.

ಜಾತಿ ಪ್ರಮಾಣಪತ್ರದ ಕಥೆ ಇನ್ನೂ ಕಠಿಣ. ಪರಿಶಿಷ್ಟ ಜಾತಿಗಳ ರಾಷ್ಟ್ರಪತಿ ಆದೇಶ ಹೊರಬಿದ್ದದ್ದು 1950ರ ಆಗಸ್ಟ್ 10ರಂದು. ಆ ದಿನ ನಿಮ್ಮ ಹಿರಿಯರ ಕಾಯಂ ವಾಸ ಎಲ್ಲಿತ್ತೋ ಆ ರಾಜ್ಯದಲ್ಲಿ ಮಾತ್ರ ನೀವು ಪರಿಶಿಷ್ಟರು. 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಗಟ್ಟಿ ಮಾಡಿತು. ಆಂಧ್ರದ ತೆನಾಲಿಯಲ್ಲಿ ಹುಟ್ಟಿದ ಹುಡುಗ, ಅಪ್ಪನ ನೌಕರಿಯ ಸಲುವಾಗಿ ಚಿಕ್ಕಂದಿನಲ್ಲೇ ಮುಂಬೈಗೆ ಬಂದವನು. ಅಲ್ಲಿಯ ವೈದ್ಯಕೀಯ ಕಾಲೇಜಿನಲ್ಲಿ ಬುಡಕಟ್ಟಿನ ಮೀಸಲು ಸೀಟು ಕೇಳಿದ. ಸಿಗಲಿಲ್ಲ. 2018ರಲ್ಲಿ ಬೀರ್ ಸಿಂಗ್ ಪ್ರಕರಣದಲ್ಲಿ ಐದು ನ್ಯಾಯಮೂರ್ತಿಗಳ ಪೀಠವೂ ಅದನ್ನೇ ಹೇಳಿತು. ವಲಸೆ ಹೋದವನಿಗೆ ಅಪ್ಪನ ಪ್ರಮಾಣಪತ್ರದ ಮೇಲೆ ಜಾತಿ ಪ್ರಮಾಣಪತ್ರ ಸಿಗಬಹುದು, 1982ರ ಕೇಂದ್ರ ಸರ್ಕಾರದ ಸುತ್ತೋಲೆ ಇದೆ. ಆದರೆ ಹೋದ ರಾಜ್ಯದ ಮೀಸಲಾತಿ ಸಿಗುವುದಿಲ್ಲ.

ಕೋರ್ಟು ಕೊಟ್ಟ ಕಾರಣ ನಾವು ತಳ್ಳಿಹಾಕುವಂಥದ್ದಲ್ಲ. ಒಂದು ಜಾತಿಯ ಹಿಂದುಳಿದ ಸ್ಥಿತಿ ಎಲ್ಲ ರಾಜ್ಯದಲ್ಲೂ ಒಂದೇ ಇರುವುದಿಲ್ಲ, ಹೊರಗಿನಿಂದ ಬಂದವರು ಇಲ್ಲಿಯ ಬಡವನ ಪಾಲು ತಿನ್ನಬಾರದು ಅಂತ. ಸರಿ. ಆದರೆ ಕಾಗಲ್ ಮತ್ತು ನಿಪ್ಪಾಣಿಯ ಮಾತು ತೆಗೆದುಕೊಳ್ಳಿ. ಮಹಾರ್ ಜಾತಿ ಎರಡೂ ರಾಜ್ಯದ ಪಟ್ಟಿಯಲ್ಲಿದೆ. ಅಲ್ಲಿಯೂ ಊರ ಹೊರಗೆ, ಇಲ್ಲಿಯೂ ಊರ ಹೊರಗೆ. ಇನ್ನೂ ಒಂದು ಮಾತು ನೆನಪಿಡಿ. 1949ರಲ್ಲಿ ಕೊಲ್ಲಾಪುರ ಸಂಸ್ಥಾನ ಮುಂಬೈ ರಾಜ್ಯಕ್ಕೆ ಸೇರಿತ್ತು. ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರವರೆಗೂ ಮುಂಬೈ ರಾಜ್ಯದಲ್ಲೇ ಇತ್ತು. ಅಂದರೆ 1950ರ ಆ ಆಗಸ್ಟ್ 10ರಂದು ಕಾಗಲ್ಲೂ ನಿಪ್ಪಾಣಿಯೂ ಒಂದೇ ರಾಜ್ಯ! 1952ರಲ್ಲಿ ಒಬ್ಬ ತಂಬಾಕು ಕೂಲಿ ಕಾಗಲ್‌ನಿಂದ ನಿಪ್ಪಾಣಿಗೆ ಬಂದಿದ್ದರೆ ಅವನು ಯಾವ ಗಡಿಯನ್ನೂ ದಾಟಿರಲಿಲ್ಲ. ಗಡಿಯೇ ನಾಲ್ಕು ವರ್ಷ ಬಿಟ್ಟು ಅವನ ಬೆನ್ನ ಹಿಂದೆ ಬಂದು ನಿಂತಿತು. ಅವನ ಮೊಮ್ಮಗ ಇಂದು ತಹಶೀಲ್ದಾರ ಕಚೇರಿಯ ಕಟ್ಟೆಯ ಮೇಲೆ ಕೂತು ಅಜ್ಜನ ಊರಿನ ದಾಖಲೆ ಹುಡುಕಬೇಕಾಗಿದೆ.

ಈ ನಿವಾಸದ ನಿಯಮ ಹೊಸದಲ್ಲ. 1955ರಲ್ಲೇ ಡಿ.ಪಿ. ಜೋಶಿ ಅನ್ನುವವರ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಇಂದೋರಿನ ವೈದ್ಯಕೀಯ ಕಾಲೇಜಿನಲ್ಲಿ ಮಧ್ಯಭಾರತದ ಹುಡುಗರಿಗೆ ಕ್ಯಾಪಿಟೇಶನ್ ಫೀ ಇಲ್ಲ, ಹೊರಗಿನವರಿಗೆ ವರ್ಷಕ್ಕೆ 1500 ರೂಪಾಯಿ. ಕೋರ್ಟು ಅದನ್ನು ಎತ್ತಿಹಿಡಿಯಿತು. ಸಂವಿಧಾನ ಹುಟ್ಟಿದ ಸ್ಥಳದ ಮೇಲೆ ಭೇದ ಮಾಡಬೇಡ ಅನ್ನುತ್ತದೆ, ವಾಸದ ಮೇಲೆ ಭೇದ ಬೇರೆ ಅಂದಿತು. 1984ರಲ್ಲಿ ಪ್ರದೀಪ್ ಜೈನ್ ಪ್ರಕರಣದಲ್ಲಿ ಭಾರತಕ್ಕೆಲ್ಲ ಇರುವುದು ಒಂದೇ ಡೊಮಿಸೈಲ್ ಅಂತ ಹೇಳಿದರೂ ಎಂಬಿಬಿಎಸ್‌ನಲ್ಲಿ ರಾಜ್ಯದವರಿಗೆ ಒಂದು ಮಿತಿಯೊಳಗೆ ಸೀಟು ಇಡಬಹುದು ಅಂದಿತು. 2025ರ ಜನವರಿಯಲ್ಲಿ ತನ್ವಿ ಬೆಹ್ಲ್ ಪ್ರಕರಣದಲ್ಲಿ ಸ್ನಾತಕೋತ್ತರ ವೈದ್ಯಕೀಯಕ್ಕೆ ನಿವಾಸದ ಮೀಸಲು ಸಲ್ಲದು ಅಂದಿತು. ಪದವಿ ಹಂತದಲ್ಲಿ ಮಾತ್ರ ರಾಜ್ಯದವರ ಪಾಲು ಉಳಿದುಕೊಂಡಿದೆ.

ಇಲ್ಲಿ ನಾವು ನಮ್ಮೊಳಗೇ ಒಂದು ಮಾತು ಸ್ಪಷ್ಟ ಮಾಡಿಕೊಳ್ಳಬೇಕು. ಕೆಲವು ಗೆಳೆಯರು ಸಭೆಯಲ್ಲಿ 'ಏಳು ವರ್ಷದ ನಿಯಮವನ್ನೇ ಕಿತ್ತುಹಾಕಬೇಕು' ಅಂದರು. ನಾವು ಒಪ್ಪುವುದಿಲ್ಲ. ಆ ನಿಯಮ ಹೋದರೆ ಲಾಭ ಯಾರಿಗೆ? ದುಡ್ಡಿದ್ದವರು ದೊಡ್ಡ ಪಟ್ಟಣಗಳಿಂದ ಬಂದು ಇಲ್ಲಿ ಎರಡು ವರ್ಷ ಬಾಡಿಗೆ ಮನೆ ಮಾಡಿ ನಮ್ಮ ಕಾಲೇಜಿನ ಸೀಟು ಬಾಚಿಕೊಂಡು ಹೋಗುತ್ತಾರೆ. ರಾಯಬಾಗದ ಸರ್ಕಾರಿ ಶಾಲೆಯ ಹುಡುಗನಿಗೆ ಈ ನಿಯಮ ಒಂದು ಬೇಲಿ. ಬೇಲಿ ಇರಲಿ. ಆದರೆ ಬೇಲಿ ನಮ್ಮ ಮಕ್ಕಳನ್ನೇ ಹೊರಗೆ ಹಾಕಿ ಬಾಗಿಲು ಮುಚ್ಚಬಾರದು. ಇಷ್ಟೇ ನಮ್ಮ ವಾದ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಐದನೇ ಕಲಮು ಓದಿ. ಮಗು ರಾಜ್ಯದ ಒಳಗೂ ಹೊರಗೂ ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗಬಹುದು, ಅದು ಅದರ ಹಕ್ಕು, ವರ್ಗಾವಣೆ ಪ್ರಮಾಣಪತ್ರ ತಡವಾಯಿತು ಅಂತ ಸೇರಿಸಿಕೊಳ್ಳದೆ ಇರಬಾರದು ಅಂತ ಅಲ್ಲಿದೆ. ಹೋಗು ಅಂದದ್ದು ಕಾನೂನು. ಹೋದದ್ದಕ್ಕೆ ದಂಡ ಹಾಕುವುದು ನಿಯಮ. ಒಂಬತ್ತು ವರ್ಷದ ಕೂಸು ತಾನಾಗಿ ರಾಜ್ಯ ಬಿಟ್ಟು ಹೋಗುತ್ತದೆಯೇ? ಅವ್ವನ ಸೆರಗು ಹಿಡಿದು ಹೋಗುತ್ತದೆ.

ಹೊರದೇಶದಲ್ಲೂ ಈ ಜಗಳ ನಡೆದಿದೆ. ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಆ ರಾಜ್ಯದವರಿಗೆ ಕಡಿಮೆ ಫೀ, ಹೊರಗಿನವರಿಗೆ ಹೆಚ್ಚು. ಕನೆಕ್ಟಿಕಟ್ ರಾಜ್ಯ ಒಂದು ಕಾನೂನು ಮಾಡಿತ್ತು. ಅರ್ಜಿ ಹಾಕುವಾಗ ಹೊರಗಿನವನು ಅಂತ ಬರೆದರೆ ಓದು ಮುಗಿಯುವವರೆಗೂ ಹೊರಗಿನವನೇ. ತಾನು ಇಲ್ಲಿಯವನು ಅಂತ ತೋರಿಸಲು ಅವಕಾಶವೇ ಇಲ್ಲ. 1973ರಲ್ಲಿ ವ್ಲಾಂಡಿಸ್ ವಿರುದ್ಧ ಕ್ಲೈನ್ ಪ್ರಕರಣದಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ರಾಜ್ಯ ತನ್ನವರಿಗೆ ಫೀ ಕಡಿಮೆ ಮಾಡಲಿ, ಆದರೆ ನಾನು ನಿನ್ನವನೇ ಅಂತ ಸಾಬೀತು ಮಾಡಲು ವಿದ್ಯಾರ್ಥಿಗೆ ಒಂದು ಅವಕಾಶ ಕೊಡಲೇಬೇಕು ಅಂದಿತು. ನಾವು ಕೇಳುತ್ತಿರುವುದೂ ಅಷ್ಟೇ. ಆರು ವರ್ಷ ಅನ್ನುವ ಅಂಕಿ ನೋಡಿ ಮುಖ ತಿರುಗಿಸಬೇಡಿ. ನಮ್ಮ ರೇಷನ್ ಕಾರ್ಡು ನೋಡಿ, ಮತದಾರರ ಪಟ್ಟಿ ನೋಡಿ, ಅಜ್ಜಿಯ ಮನೆ ನೋಡಿ. ಆಮೇಲೆ ಹೇಳಿ ನಾವು ಯಾರು ಅಂತ.

ಬಾಬಾಸಾಹೇಬರು ಹುಟ್ಟಿದ್ದು ಮಹೂನಲ್ಲಿ. ಮೂಲ ಊರು ಕೊಂಕಣದ ಅಂಬಾವಡೆ. ಓದಿದ್ದು ಸಾತಾರಾದಲ್ಲಿ, ಮುಂಬೈಯಲ್ಲಿ. 1913ರಲ್ಲಿ ಕೊಲಂಬಿಯಾಕ್ಕೆ ಕಳಿಸಿದ್ದು ಬರೋಡಾದ ಮಹಾರಾಜರ ದುಡ್ಡು. 1946ರಲ್ಲಿ ಸಂವಿಧಾನ ಸಭೆಗೆ ಆರಿಸಿ ಬಂದದ್ದು ಬಂಗಾಳದಿಂದ. ಅವರ ಮುಂದೆ ಒಬ್ಬ ಗುಮಾಸ್ತ ಕೂತು 'ನೀನು ಎಲ್ಲಿಯವನಪ್ಪಾ, ಎಷ್ಟು ವರ್ಷ ಇಲ್ಲಿ?' ಅಂತ ಕೇಳಿ ಬಾಗಿಲು ಮುಚ್ಚಿದ್ದರೆ? ಅದೇ ಬಾಬಾಸಾಹೇಬರು 1925ರ ಏಪ್ರಿಲ್‌ನಲ್ಲಿ ನಮ್ಮ ನಿಪ್ಪಾಣಿಗೆ ಬಂದು ಬಹಿಷ್ಕೃತರ ಪ್ರಾಂತೀಯ ಪರಿಷತ್ತಿನಲ್ಲಿ ಮಾತಾಡಿದ್ದರು. ಧಾರವಾಡದಲ್ಲಿ ನಮ್ಮ ಹುಡುಗರಿಗೆ ಹಾಸ್ಟೆಲು ಆದದ್ದು ಅವರ ದುಡಿಮೆಯಿಂದ. ಕೊಲ್ಲಾಪುರದ ಶಾಹೂ ಮಹಾರಾಜರು 1902ರಲ್ಲೇ ಹಿಂದುಳಿದವರಿಗೆ ನೌಕರಿಯಲ್ಲಿ ಅರ್ಧ ಪಾಲು ಇಟ್ಟರು. ರಾಯಬಾಗ ಆಗ ಅವರ ಸಂಸ್ಥಾನದಲ್ಲೇ ಇತ್ತು. ಅವರು ಯಾರೂ ಗಡಿ ನೋಡಿ ಹಾಸ್ಟೆಲು ಕಟ್ಟಲಿಲ್ಲ.

ಸರ್ಕಾರದ ಮುಂದೆ ನಮ್ಮ ಬೇಡಿಕೆಗಳು ಇವು.

1. ಕೂಲಿಗಾಗಿ ಗಡಿ ದಾಟಿದ ಭೂಹೀನರ ಮಕ್ಕಳಿಗೆ ಸರ್ಕಾರಿ ನೌಕರರ ಮಕ್ಕಳಿಗೆ ಇರುವಂಥ ಒಂದು ಕಲಮು ಸೇರಿಸಬೇಕು. ಅವರು ಹೊರಗೆ ಓದಿದ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯಬೇಕು.

2. ತಂದೆ ತಾಯಿ ಏಳು ವರ್ಷ ಓದಿರಬೇಕು ಅನ್ನುವ ಕಡೆ, ಓದದ ತಂದೆ ತಾಯಿಯ ಕಾಯಂ ವಾಸದ ದಾಖಲೆಯನ್ನೂ ಒಪ್ಪಬೇಕು.

3. ಗಡಿನಾಡಿನ ತಾಲ್ಲೂಕುಗಳ ಪಟ್ಟಿಗೆ ಮಿರಜ್, ಶಿರೋಳ, ಕಾಗಲ್ ಸೇರಬೇಕು.

4. 1956ಕ್ಕೆ ಮೊದಲು ಮುಂಬೈ ರಾಜ್ಯದೊಳಗೇ ಊರು ಬದಲಿಸಿ ಇಲ್ಲಿ ನೆಲೆಸಿದ ಪರಿಶಿಷ್ಟರ ಕುಟುಂಬಗಳನ್ನು ವಲಸಿಗರು ಅಂತ ಎಣಿಸಬಾರದು.

ಬೇಡಿಕೆ ಮಂಜೂರಾಗುವವರೆಗೆ ಕೈ ಕಟ್ಟಿ ಕೂಡುವ ಹಾಗಿಲ್ಲ. ಆ ತಂಗಿಯ ಲೆಕ್ಕವನ್ನು ಒಂಬತ್ತನೇ ತರಗತಿಯಲ್ಲೇ ಯಾರಾದರೂ ಹಾಕಿದ್ದರೆ ಅವಳನ್ನು ಒಂದು ವರ್ಷ ಮೊದಲೇ ಈ ಕಡೆ ಕರೆತರಬಹುದಿತ್ತು. ಏಳು ತುಂಬುತ್ತಿತ್ತು. ಯಾರೂ ಲೆಕ್ಕ ಹಾಕಲಿಲ್ಲ. ನಾವೂ ಹಾಕಲಿಲ್ಲ. ಇದನ್ನು ಒಪ್ಪಿಕೊಳ್ಳುವ ಧೈರ್ಯ ನಮಗಿರಬೇಕು. ಭಾಷಣಕ್ಕೆ ಹೋಗುತ್ತೇವೆ, ಗೋಡೆ ಬರಹ ಬರೆಯುತ್ತೇವೆ, ನಮ್ಮದೇ ಓಣಿಯ ಮಗು ಯಾವ ಊರಲ್ಲಿ ಎಷ್ಟನೇ ಇಯತ್ತೆ ಓದುತ್ತಿದೆ ಅಂತ ಕೇಳಿರುವುದಿಲ್ಲ.

ಆದ್ದರಿಂದ ಪ್ರತಿ ಹಾಸ್ಟೆಲಿನಲ್ಲಿ ಒಂದು ವಹಿ ಇಡಿ. ಎಂಟನೇ ತರಗತಿಯಿಂದ ಮೇಲಿನ ಪ್ರತಿಯೊಬ್ಬರ ಹೆಸರಿನ ಮುಂದೆ ಒಂದನೇ ತರಗತಿಯಿಂದ ಓದಿದ ಶಾಲೆ, ವರ್ಷ, ರಾಜ್ಯ ಬರೆಯಿರಿ. ಏಳು ತುಂಬುತ್ತದೆಯೇ ನೋಡಿ. ತುಂಬದಿದ್ದರೆ ಇನ್ನೂ ಸಮಯ ಇರುವಾಗಲೇ ಮನೆಯವರ ಜೊತೆ ಮಾತಾಡಿ. ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯಗುರುಗಳ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕಾಗುತ್ತದೆ. ಸಿಇಟಿ ಹತ್ತಿರ ಬಂದಾಗ ಓಡಾಡಬೇಡಿ, ದೀಪಾವಳಿ ರಜೆಯಲ್ಲೇ ಮಾಡಿಸಿ. ಜಾತಿ, ಆದಾಯ ಪ್ರಮಾಣಪತ್ರದ ಆರ್.ಡಿ. ನಂಬರು, ಶಾಲೆಯ ಸ್ಯಾಟ್ಸ್ ನಂಬರು ವಹಿಯಲ್ಲೇ ಬರೆದಿಡಿ. ಒಂದು ಅಕ್ಷರ ಹೆಚ್ಚು ಕಡಿಮೆ ಇದ್ದರೂ ಈಗಲೇ ತಿದ್ದಿಸಿ.

ಓದಲು ಕೊಲ್ಲಾಪುರಕ್ಕೋ ಸಾಂಗಲಿಗೋ ಹೋದವರು ಇನ್ನೊಂದು ತಿಳಿದಿರಿ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಓದುವ ರಾಜ್ಯವಲ್ಲ, ನೀವು ಸೇರಿದ ರಾಜ್ಯ ಕೊಡಬೇಕು. ಹೊರಗೆ ಓದುತ್ತೀರಿ ಅಂತ ಅದು ತಪ್ಪುವುದಿಲ್ಲ. ಮನೆಯ ವರಮಾನ ವರ್ಷಕ್ಕೆ ಎರಡೂವರೆ ಲಕ್ಷ ರೂಪಾಯಿ ಮೀರಿರಬಾರದು. ಆದರೆ ಮ್ಯಾನೇಜ್‌ಮೆಂಟ್ ಕೋಟಾದ ಸೀಟಿಗೆ ಅದು ಬರುವುದಿಲ್ಲ. ಏಜೆಂಟರು 'ಮೊದಲು ಸೇರಿಕೋ, ಆಮೇಲೆ ಸ್ಕಾಲರ್‌ಶಿಪ್ ಬರುತ್ತೆ' ಅಂದರೆ ನಂಬಬೇಡಿ. ಅವ್ವನ ತಾಳಿ ಅಡವಿಡುವ ಮೊದಲು ಹಾಸ್ಟೆಲಿಗೆ ಬಂದು ಕೇಳಿ.

ನಮ್ಮ ಆ ತಂಗಿ ಈಗ ಬಿ.ಎಸ್ಸಿ.ಗೆ ಸೇರಿದ್ದಾಳೆ. ಅಳುತ್ತ ಕೂತಿಲ್ಲ. ಈ ಲೇಖನದ ಲೆಕ್ಕವನ್ನೆಲ್ಲ ಮೊದಲು ಹಾಕಿ ತೋರಿಸಿದವಳು ಅವಳೇ. ಅವಳ ತಮ್ಮ ಇನ್ನೂ ಮಿರಜ್ ಕಡೆ ಏಳನೇ ಇಯತ್ತೆಯಲ್ಲಿದ್ದಾನೆ. ಇಲ್ಲಿ ಅವನು ಓದಿದ್ದು ಒಂದೇ ವರ್ಷ. ಎಂಟರಿಂದ ಇಲ್ಲಿಗೆ ಬಂದರೆ ಐದು ವರ್ಷ ಕೂಡಿ ಆರೇ ಆಗುತ್ತದೆ. ಅವನಿಗೂ ಒಂದು ಕಡಿಮೆ! ಆ ಒಂದು ವರ್ಷವನ್ನು ಅವನು ಓದಿ ತುಂಬಲಾರ. ಅದನ್ನು ಚಳವಳಿಯೇ ತುಂಬಬೇಕು. ನಮ್ಮ ಕೈಯಲ್ಲಿ ಐದು ವರ್ಷ ಇದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹಾಸ್ಟೆಲುಗಳ ಗೆಳೆಯರು ಮುಂದಿನ ಸಭೆಗೆ ಬರುವಾಗ ವಹಿ ತುಂಬಿಕೊಂಡು ಬನ್ನಿ. ಚಿಕ್ಕೋಡಿಯ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿಯ ಮುಂದೆ ನಾವು ಘೋಷಣೆಯ ಜೊತೆಗೆ ಹೆಸರುಗಳನ್ನೂ ಇಡೋಣ. ಎಷ್ಟು ಮಕ್ಕಳು, ಎಷ್ಟು ವರ್ಷ, ಯಾವ ಕೂಲಿಗೆ ಹೋಗಿದ್ದರು ಅಂತ. ಲೆಕ್ಕ ಕೇಳುವವರಿಗೆ ನಾವೂ ಲೆಕ್ಕ ಕೊಡೋಣ.

ಜೈಭೀಮ್.